ಇಂಡಿಯಾನಾ?

ಎಲ್ಲಿದ್ದೀಯೇ ಅಂತ ಕೇಳಿದಳು ಚಿಕ್ಕಮ್ಮ, ಹರಿಹರದಿಂದ.
ಇಂಡಿಯಾನಾ, ಅಂದೆ.
ಇಂಡಿಯಾನಾ? ಮತ್ತೆ ಯಾವಾಗ ಬಂದೆ, ಹೇಳಲೇ ಇಲ್ಲ!
ನಗು ಬಂತು. ಈ ರಾಜ್ಯದ ಹೆಸರೇ
ನಮ್ಮ ಕಿವಿಗೆ ಒಂದು ಅನುಮಾನ.

ಊರು ಮನ್ಸಿ. ಫೆಬ್ರವರಿ. ಸೊನ್ನೆಗಿಂತ ಹದಿನೆಂಟು ಕೆಳಗೆ.
ಯಾರೋ ಬಿಟ್ಟುಹೋದ ಶೆಡ್ಡು, ಒಳಗೆ ನಮ್ಮ ಪಿಕಪ್ಪು ಮೂರು:
ಒಂದು ಬಿಳಿ, ಒಂದು ಕೆಂಪು, ಇನ್ನೊಂದಕ್ಕೆ ಬಣ್ಣವೇ ಇಲ್ಲ.

ಇಡೀ ಗಾಡಿಯನ್ನು ಹಡಗಿನಲ್ಲಿ ತಂದರೆ ನೂರಕ್ಕೆ ಇಪ್ಪತ್ತೈದು ಸುಂಕ.
ಅರವತ್ತು ವರ್ಷದ ಕೆಳಗೆ ಯೂರೋಪಿನವರ ಜೊತೆ
ಕೋಳಿಮಾಂಸಕ್ಕೆ ಆದ ಜಗಳದಲ್ಲಿ ಹಾಕಿದ್ದಂತೆ.
ಜಗಳ ಹೋಯಿತು, ಸುಂಕ ಉಳಿಯಿತು.
ಕೋಳಿ ಕೇಳಿ ಖಾರ ಅರೆಯುತ್ತಾರಾ ಅನ್ನುತ್ತೇವಲ್ಲ,
ಇಲ್ಲಿ ಕೋಳಿಯನ್ನು ಕೇಳಿಯೇ ಕಾರ್ಖಾನೆ ಕಟ್ಟಬೇಕು.

ಸ್ಟೀರಿಂಗನ್ನು ಬಲದಿಂದ ಎಡಕ್ಕೆ ದಾಟಿಸಿದ್ದೇವೆ.
ಹೇಳಲು ಒಂದು ಮಾತು, ಮಾಡಲು ಹದಿನಾಲ್ಕು ತಿಂಗಳು.
ಪೆಡಲು, ವೈಪರು, ಹ್ಯಾಂಡ್‌ಬ್ರೇಕಿನ ತಂತಿ,
ಎಲ್ಲ ಕನ್ನಡಿಯೊಳಗೆ ಹೊಕ್ಕು ಹೊರಬಂದವು.
ಲೋಟ ಇಡುವ ಗುಂಡಿಯನ್ನು ಮೂರು ಸಲ ಅಗಲ ಮಾಡಿದೆವು,
ಇವರ ಲೋಟ ನಮ್ಮ ಚೊಂಬು.

ಬಾಗಿಲು ಮಾತ್ರ ನನ್ನದು.
ಹನ್ನೊಂದು ವರ್ಷದಿಂದ ಅದೇ ಕೆಲಸ:
ಸಂದು ಎಷ್ಟು, ರಬ್ಬರು ಎಷ್ಟು ಮೆತ್ತಗೆ, ಹಾಕಿದಾಗ ಸದ್ದು ಏನು.
ಮಾರ್ಕೆಟಿಂಗಿನವರ ವರದಿಯ ನಲವತ್ತೇಳನೇ ಪುಟದಲ್ಲಿದೆ,
ಇಲ್ಲಿಯ ಗಿರಾಕಿ ಮೊದಲು ಎಂಜಿನ್ನಿನ ಮಾತೆತ್ತುವುದಿಲ್ಲ,
ಹತ್ತಿ ಕೂತು ಬಾಗಿಲು ಹಾಕುತ್ತಾನೆ. ಅಷ್ಟರಲ್ಲಿ ಅವನಿಗೆ ಗೊತ್ತಾಗಿರುತ್ತದೆ.
ಗೊತ್ತಾಗುವುದು ಏನು ಎಂದು ವರದಿಯಲ್ಲಿಲ್ಲ.

ಅದಕ್ಕೇ ಕರೆಸಿದ್ದು ಡಾರ್ಲಾ ಹಾಸ್ಟೆಟ್ಲರನ್ನು.
ಮೂವತ್ತೊಂದು ವರ್ಷ ಬೇರೊಂದು ಕಂಪನಿಯ ಲೈನಿನ ತುದಿಯಲ್ಲಿ ನಿಂತವಳು,
ಆ ಲೈನು ನಿಂತ ಮೇಲೆ ಶಾಲೆಯ ಅಡುಗೆಮನೆಯಲ್ಲಿ.
ಕೋಟಿನ ಟೋಪಿ ಹಿಂದೆ ಸರಿಸಿ, ಕಣ್ಣು ಮುಚ್ಚಿ,
ಎರಡು ಬೆರಳಲ್ಲಿ ಬಾಗಿಲು ನೂಕಿದಳು.

ಠಣ್.

ಬಿಸ್ಕತ್ತಿನ ಡಬ್ಬಿ, ಅಂದಳು.

ಹೊಸೂರಿನಲ್ಲಿ ಇದೇ ರಬ್ಬರು
ಮೇ ತಿಂಗಳ ಬಿಸಿಲಿಗೆ ಬೆಣ್ಣೆಯ ಹಾಗೆ ಕೂರುತ್ತಿತ್ತು, ಅಂದೆ.
ಇರಬಹುದು ಮಗೂ, ಮೇ ತನಕ ಯಾರೂ ಕಾಯುವುದಿಲ್ಲ.
(ಅವಳ ಇಂಗ್ಲಿಷಿನಲ್ಲಿ ಅದು ಇಷ್ಟು ಮೆತ್ತಗಿರಲಿಲ್ಲ.)

ಮಧ್ಯಾಹ್ನ ಹೊರಗೆ ಅವಳದೇ ಗಾಡಿ ತೋರಿಸಿದಳು.
ಚಕ್ರದ ಮೇಲೆ ತುಕ್ಕು, ಬಂಪರಿಗೆ ಟೇಪು.
ಬಾಗಿಲು ಮಾತ್ರ, ಧಪ್,
ತೆಂಗಿನಕಾಯಿ ಮರಳಿಗೆ ಬಿದ್ದ ಹಾಗೆ.

ಹೇಳಬೇಕೆನಿಸಿತು, ನಮ್ಮಪ್ಪನೂ ಲೇತು ಮಾಡುವ ಕಾರ್ಖಾನೆಯಲ್ಲಿದ್ದ,
ಸೈರನ್ನು ನಿಂತ ಬೆಳಿಗ್ಗೆ ಊರಿಗೆ ಊರೇ ತಡವಾಗಿ ಎದ್ದಿತ್ತು.
ಗೇಟು ಮುಚ್ಚಿದ ಸದ್ದು ಹೇಗಿತ್ತೆಂದು ಅಪ್ಪ ಹೇಳಲಿಲ್ಲ,
ನಾನು ಕೇಳಲಿಲ್ಲ.
ಇದನ್ನೆಲ್ಲ ಇಂಗ್ಲಿಷಿಗೆ ಜೋಡಿಸುತ್ತಿರುವಾಗ
ಅವಳೇ ಕೇಳಿದಳು: ಎಷ್ಟು ವರ್ಷ ಬಾಳುತ್ತದೆ?
ಗಾಡಿಯನ್ನು ಕುರಿತಲ್ಲ.

ಸೋಮವಾರ ಬೋರ್ಡಿಗೆ ಒಂದು ಹಾಳೆ ಹೋಗಬೇಕು.
ವರ್ಷಕ್ಕೆ ಇಪ್ಪತ್ತು ಸಾವಿರ ಗಾಡಿ, ಆರುನೂರು ಕೆಲಸ,
ಗೆಲ್ಲುವ ಸಾಧ್ಯತೆ ಶೇಕಡಾ ಇಷ್ಟು, ಅಲ್ಲೊಂದು ಖಾಲಿ ಚೌಕ.
ಎಪ್ಪತ್ತು ಹಾಕು ಅನ್ನುತ್ತಾನೆ ರಘೋತ್ತಮ,
ಎಪ್ಪತ್ತಕ್ಕೆ ಇದುವರೆಗೆ ಯಾರೂ ಬೈಸಿಕೊಂಡಿಲ್ಲವಂತೆ.

ಮೂರಕ್ಕೂ ಮೂರು ಥರದ ರಬ್ಬರು ಕಟ್ಟಿ
ರಾತ್ರಿಯಿಡೀ ಹೊರಗೆ ಹಿಮದಲ್ಲಿ ನಿಲ್ಲಿಸಿದೆವು.
ಬೆಳಿಗ್ಗೆ ಆರಕ್ಕೆ ಡಾರ್ಲಾ ಬಂದಳು, ಫ್ಲಾಸ್ಕಿನಲ್ಲಿ ಕಾಫಿ.
ಬಿಳಿಯದು: ಠಣ್.
ಬಣ್ಣವಿಲ್ಲದ್ದು ತೆರೆಯಲೇ ಇಲ್ಲ, ಹಿಮ ಕಚ್ಚಿತ್ತು.
ಕೆಂಪಿನದನ್ನು ನಾನೇ ಹಾಕಿದೆ.
ಅವಳು ಕಣ್ಣು ಬಿಡಲಿಲ್ಲ.

ರಸ್ತೆಯ ಹಿಮ ಗೋರುವವನೊಬ್ಬ ಟ್ರಕ್ಕು ನಿಲ್ಲಿಸಿ ಕಿಟಕಿ ಇಳಿಸಿದ,
ಬಾನೆಟ್ಟಿನ ಮೇಲಿನ ಹೆಸರು ಓದಲು ನೋಡಿದ, ಬಾಯಿಗೆ ಹತ್ತಲಿಲ್ಲ.
ಎಲ್ಲಿಯದು ಇದು?

ಇಂಡಿಯಾನಾ, ಅಂದಳು ಡಾರ್ಲಾ.
ನನ್ನ ಕಿವಿಗೆ ಬಿದ್ದದ್ದು, ಏನು ಮಾಡಲಿ, ಚಿಕ್ಕಮ್ಮನ ಧಾಟಿಯಲ್ಲೇ.

ಇನ್ನೊಂದು ಸಲ ಹಾಕು, ಅಂದಳು.
ಹಾಕಿದೆ.